ವಿಚಾರಿಸಲು ಬಂದವರು

ಫೆಬ್ರವರಿ 9

ಪ್ರೀತಿಯ ಅಕ್ಕಾ,

‘ಹೊರಳಿ ನೋಡದಿರು, ನಡೆದ ದಾರಿ ನಿನ್ನ ಹಿಂದೆಯೇ ಬರುತ್ತದೆ.’ ಈ ಸಾಲು ಎಲ್ಲಿಯದು? ಅಪ್ಪ ಕ್ಷೌರ ಮಾಡಿಕೊಳ್ಳುವಾಗ ಗೊಣಗುತ್ತಿದ್ದರೇ, ನಾನು ಎಂ.ಎಸ್ಸಿ. ಓದುವಾಗ ಯಾವುದೋ ಕವನ ಸಂಕಲನದಲ್ಲಿ ಕಂಡದ್ದೇ? ‘ಬರುತ್ತದೆ’ ಎಂದಿತ್ತೋ ‘ಇರುತ್ತದೆ’ ಎಂದಿತ್ತೋ ಅದೂ ಗಟ್ಟಿಯಿಲ್ಲ. ಬರೆದವರು ಯಾರೇ ಆಗಿರಲಿ, ಅವರು ಕಾರು ಓಡಿಸಿರಲಾರರು. ನನ್ನ ಹಿಂದೆ ಬಂದದ್ದು ದಾರಿಯಲ್ಲ, ಬ್ರೆಡ್ಡಿನ ವ್ಯಾನು.

ಗಾಬರಿಯಾಗಬೇಡ. ಹೋದ ವಾರ ಲ್ಯಾಬಿನಿಂದ ಮನೆಗೆ ಬರುವಾಗ ಕೆಂಪು ದೀಪಕ್ಕೆ ನಿಂತಿದ್ದೆ. ಹಿಂದಿನಿಂದ ಗುದ್ದಿದ. ತಲೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಹೋಯಿತು, ಯಾರೋ ಕೇಳಿದ ಪ್ರಶ್ನೆಗೆ ಜೋರಾಗಿ ಹೌದು ಎಂದ ಹಾಗೆ. ವ್ಯಾನಿನವನು ಇಳಿದು ಬಂದು ಮೊದಲು ಬಂಪರ್ ನೋಡಿದ, ಆಮೇಲೆ ನನ್ನನ್ನು. ‘ಏನೂ ಆಗಿಲ್ವಲ್ಲ ಮೇಡಂ?’ ಎಂದ. ‘ಇಲ್ಲಪ್ಪ’ ಎಂದೆ. ನಮ್ಮ ಮನೆಯವರ ಬಾಯಿಗೆ ಮೊದಲು ಬರುವುದು ಅದೇ ತಾನೆ.

ಮಾರನೆಯ ಬೆಳಿಗ್ಗೆ ಕತ್ತು ತಿರುಗಲಿಲ್ಲ. ಡಾಕ್ಟರು ಪಟ್ಟಿ ಕಟ್ಟಿದ್ದಾರೆ. ಗಲ್ಲ ಎತ್ತಿಕೊಂಡು ಓಡಾಡುತ್ತೇನೆ, ನೋಡಿದವರು ಜಂಬ ಎಂದುಕೊಳ್ಳಬೇಕು. ನನ್ನ ಸ್ಲೈಡುಗಳು ಲ್ಯಾಬಿನಲ್ಲಿ ರಾಶಿ ಬಿದ್ದಿರುತ್ತವೆ. ಇನ್ನೊಂದು ವಾರದಲ್ಲಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತು, ಕೆಟ್ಟ ಕೋಶ ಯಾವುದು ಒಳ್ಳೆಯದು ಯಾವುದು ಎಂದು ಹುಡುಕುತ್ತಿರುತ್ತೇನೆ.

ಫೋನು ಮಾಡೋಣ ಎಂದುಕೊಂಡೆ. ಆದರೆ ನಿನ್ನ ಫೋನು ಅಂಗಡಿಯಲ್ಲಿ ಭಾವನ ಕೈಗೆಟುಕುವ ಹಾಗೆಯೇ ಇರುತ್ತದೆ. ಅವರು ಸ್ಪೀಕರಿಗೆ ಹಾಕಿ, ನಡುವೆ ಗಿರಾಕಿಗೆ ಡಿಸ್ಟೆಂಪರ್ ಬೆಲೆ ಹೇಳುತ್ತಾರೆ. ನಮಗೆ ಕಾಗದ ಬರೆಯುವ ಹಳೆಯ ಅಭ್ಯಾಸವೇ ವಾಸಿ.

ನಾನು ಚೆನ್ನಾಗಿದ್ದೇನೆ.

ನಿನ್ನ ತಂಗಿ


ಫೆಬ್ರವರಿ 21

ಪ್ರೀತಿಯ ಗುಬ್ಬಿಗೆ,

ನಿನ್ನ ಪತ್ರ ಓದುತ್ತಾ ಕೈ ತಪ್ಪಿ ಕರಿ ಬಣ್ಣ ಎರಡು ತೊಟ್ಟು ಹೆಚ್ಚಿಗೆ ಬಿತ್ತು. ಗಿರಾಕಿಗೆ ತಿಳಿ ಹಸಿರು ಬೇಕಿತ್ತು. ಬಂದದ್ದನ್ನು ನೋಡಿ ‘ಇದೇ ಚೆನ್ನಾಗಿದೆ, ಇನ್ನೊಂದು ಡಬ್ಬಿ ಮಾಡಿಕೊಡಿ’ ಎಂದರು. ಇನ್ನೊಮ್ಮೆ ಅದನ್ನು ಮಾಡುವುದಕ್ಕೆ ನನಗೆ ಒಂದು ಬೆಳಗು ಹಿಡಿಯಿತು.

ಆ ಸಾಲು ನನಗೆ ಗೊತ್ತಿಲ್ಲ. ಅಪ್ಪ ಕ್ಷೌರ ಮಾಡಿಕೊಳ್ಳುವಾಗ ಬ್ಲೇಡಿನವನನ್ನು ಬೈಯುತ್ತಿದ್ದರು, ಅಷ್ಟೇ ನೆನಪು.

ದೇವರು ದೊಡ್ಡವನು, ತಲೆಗೆ ಬಂದದ್ದು ಕತ್ತಿನಲ್ಲೇ ಹೋಯಿತು. ಆದರೆ ಒಂದು ಮಾತು. ಇದನ್ನು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಬೇಡ. ಒಂಟಿ ಹೆಂಗಸಿನ ಕಾಯಿಲೆ ನಾಲ್ಕು ಜನಕ್ಕೆ ಗೊತ್ತಾದರೆ ಆಮೇಲೆ ಅದೇ ಅವಳ ಹೆಸರಾಗುತ್ತದೆ. ನಿನಗೆ ಇಪ್ಪತ್ತಾರಾಗಿದ್ದಾಗ ಏನಾಯಿತು? ವಿಚಾರಿಸಲು ಬಂದವರ ಮುಂದೆ ಸೋದರತ್ತೆ ‘ಹುಡುಗಿಗೆ ಆಗಾಗ ತಲೆನೋವು ಬರುತ್ತೆ, ಮಿಕ್ಕಿದ್ದೆಲ್ಲ ಚಿನ್ನ’ ಎಂದಳು. ಅವರು ಚಿನ್ನ ಇಲ್ಲೇ ಬಿಟ್ಟು ತಲೆನೋವನ್ನು ತೆಗೆದುಕೊಂಡು ಹೋದರು.

ಬಿಸಿ ನೀರಿನ ಚೀಲ ಇಟ್ಟುಕೋ. ಎಲ್ಲ ಸರಿಹೋಗುತ್ತದೆ.

ನಿನ್ನ ಅಕ್ಕ


ಮಾರ್ಚ್ 14

ಅಕ್ಕಾ,

ಈ ಪತ್ರವನ್ನು ಫ್ರಿಜ್ಜಿನ ಮೇಲಿಟ್ಟು ನಿಂತು ಬರೆಯುತ್ತಿದ್ದೇನೆ. ಯಾಕೆ ಎಂದು ಕೇಳಬೇಡ, ಇಲ್ಲಿ ಗಾಳಿ ಚೆನ್ನಾಗಿದೆ.

ಪಟ್ಟಿ ಇನ್ನೂ ಇದೆ. ಲ್ಯಾಬಿನ ಮುಖ್ಯಸ್ಥರು ಸದ್ಯಕ್ಕೆ ನನ್ನನ್ನು ಮುಂದಿನ ಕೌಂಟರಿಗೆ ಹಾಕಿದ್ದಾರೆ. ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸ. ನನ್ನ ಸೂಕ್ಷ್ಮದರ್ಶಕದ ಮುಂದೆ ಹೊಸ ಹುಡುಗಿ ಕೂತಿದ್ದಾಳೆ, ಅವಳ ಕತ್ತು ಕೊಕ್ಕರೆಯದು, ಎಷ್ಟು ಹೊತ್ತು ಬೇಕಾದರೂ ಬಗ್ಗಿರುತ್ತದೆ. ಬಗ್ಗದೆ ನೋಡುವ ಯಂತ್ರವೂ ಇದೆಯಂತೆ, ಕೋಶಗಳು ಎದುರಿನ ಪರದೆಯ ಮೇಲೆ ಕಾಣುತ್ತವೆ. ಲ್ಯಾಬಿನವರು ಕೊಳ್ಳುವುದಿಲ್ಲ. ಹಾಗಾಗಿ ವ್ಯಾನಿನ ಇನ್ಶೂರೆನ್ಸ್ ಕಂಪನಿಯ ಮೇಲೆ ಪರಿಹಾರಕ್ಕೆ ಹಾಕಿದ್ದೇನೆ. ಬಂದರೆ ಯಂತ್ರವನ್ನು ನಾನೇ ತರಿಸಿಕೊಂಡು ನನ್ನ ಕುರ್ಚಿಗೆ ಹಿಂತಿರುಗಬಹುದು. ಬರದಿದ್ದರೆ ಕುರ್ಚಿ ಆ ಹುಡುಗಿಯದೇ. ಮುಖ್ಯಸ್ಥರು ಹಾಗೆಂದು ಬಾಯಿಬಿಟ್ಟು ಹೇಳಿಲ್ಲ, ಕುರ್ಚಿಯ ಎತ್ತರವನ್ನು ಅವಳ ಅಳತೆಗೆ ತಿರುಗಿಸಿಕೊಟ್ಟರು ಅಷ್ಟೇ.

ಕಂಪನಿಯವರ ವಾದ ಏನು ಗೊತ್ತೇ? ಬಂಪರ್ ಇಷ್ಟೇ ನೆಗ್ಗಿರುವಾಗ ಕತ್ತಿಗೆ ಅಷ್ಟೆಲ್ಲ ಹೇಗಾಗುತ್ತದೆ ಎಂದು. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ನನ್ನ ವಕೀಲೆ ಚಿಕ್ಕ ವಯಸ್ಸಿನವಳು, ಮಾತಿಗೊಮ್ಮೆ ಪೆನ್ನು ಟಕ್ಕೆನ್ನಿಸುತ್ತಾಳೆ. ‘ಕಾಲು ಮುರಿದಿದ್ರೆ ಕೇಸು ಸುಲಭ ಇತ್ತು ಮೇಡಂ. ಇದು ಕಾಣಲ್ಲ. ಕಾಣದೇ ಇರೋದನ್ನ ಹತ್ತಿರದಿಂದ ನೋಡಿದೋರು ಹೇಳ್ಬೇಕು. ಮನೇಲಿ ಯಾರಿದಾರೆ?’ ಎಂದಳು. ‘ಯಾರೂ ಇಲ್ಲ’ ಎಂದೆ. ‘ಯಾರಾದ್ರೂ ಇರ್ತಾರಲ್ಲ’ ಎಂದಳು. ನಿನ್ನ ಹೆಸರು, ಅಂಗಡಿಯ ವಿಳಾಸ ಬರೆಸಿದೆ. ಕೋರ್ಟು ಎಂದರೆ ನಿನಗೆ ಎದೆ ಡವಗುಟ್ಟುತ್ತದೆ ಎಂದು ಗೊತ್ತು. ಹೆದರಬೇಡ, ಅದು ಹೆಸರಿಗೆ ಮಾತ್ರ. ನಿನ್ನ ಹತ್ತಿರ ಯಾರೂ ಬರುವುದಿಲ್ಲ.

ನೋವು ಎಂಥದ್ದೂ ಇಲ್ಲ. ನಾನು ಆರಾಮಾಗಿದ್ದೇನೆ.

ನಿನ್ನ ತಂಗಿ


ಏಪ್ರಿಲ್ 3

ಪ್ರೀತಿಯ ಗುಬ್ಬಿಗೆ,

ಒಂದು ವಿಷಯ ಇದೆ. ಈಗ ಹೇಳುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು.

ನಿನ್ನದೊಂದು ಹೊಸ ಫೋಟೋ ಕಳಿಸು. ಕತ್ತಿನ ಪಟ್ಟಿ ತೆಗೆದು, ನಗುತ್ತಾ ತೆಗೆಸಿಕೋ. ಕನ್ನಡಕ ಇರಲಿ, ಓದಿದವಳು ಎಂದು ಕಾಣುತ್ತದೆ. ಯಾಕೆ ಏನು ಎಂದು ಕೇಳಬೇಡ. ನಮ್ಮ ಮುಂದಿನ ಕೋಣೆಗೆ ಬಣ್ಣ ಹೊಡೆಸಬೇಕು ಎಂದುಕೊಂಡಿದ್ದೇನೆ. ಬಣ್ಣದ ಅಂಗಡಿಯವರ ಮನೆಯ ಗೋಡೆ ಸುಲಿದ ಹುಣ್ಣಿನ ಹಾಗಿದ್ದರೆ ಬಂದವರು ಏನೆಂದುಕೊಂಡಾರು.

ನಿನ್ನ ಅಕ್ಕ


ಏಪ್ರಿಲ್ 15

ಅಕ್ಕಾ,

ಫೋಟೋ ಇಟ್ಟಿದ್ದೇನೆ. ಸ್ಟುಡಿಯೋದವನು ‘ಸ್ವಲ್ಪ ಎಡಕ್ಕೆ ನೋಡಿ’ ಎಂದ. ಆಗಲಿಲ್ಲ. ಕ್ಯಾಮರಾವನ್ನೇ ಆ ಕಡೆಗೆ ತಂದ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನೀನು ಏನೋ ಮುಚ್ಚಿಡುತ್ತಿದ್ದೀ. ನಿನಗೆ ಹುಷಾರಿಲ್ಲವೇ? ಡಾಕ್ಟರು ಏನಾದರೂ ಹೇಳಿದರೇ? ನನ್ನ ಫೋಟೋ ಯಾಕೆ ಬೇಕು, ಮನೆಗೆ ಬಣ್ಣ ಯಾಕೆ, ಯಾರು ಬರುತ್ತಾರೆ? ನಾನು ದಿನಾ ಬೇರೆಯವರ ಕೋಶಗಳನ್ನು ನೋಡಿ ಬದುಕಿದವಳು, ಇಂಥ ಸುಳಿವುಗಳನ್ನು ಕೆಟ್ಟದ್ದಕ್ಕೇ ಕೂಡಿಸುತ್ತೇನೆ. ನನ್ನ ಕತ್ತಿನ ಬಗ್ಗೆ ನೀನು ಒಂದು ಮಾತೂ ಕೇಳಲಿಲ್ಲ. ಅದರಿಂದಲೇ ನಿನ್ನದು ಇನ್ನೂ ದೊಡ್ಡದೇನೋ ಇರಬೇಕು ಎನ್ನಿಸುತ್ತಿದೆ.

ಇದ್ದದ್ದನ್ನು ಇದ್ದ ಹಾಗೆ ಬರೆ.

ನಿನ್ನ ತಂಗಿ


ಮೇ 2

ಗುಬ್ಬೀ,

ನನಗೆ ಯಾವ ರೋಗವೂ ಇಲ್ಲ. ಕತ್ತಿನ ಬಗ್ಗೆ ಕೇಳದೆ ಇದ್ದದ್ದು ಬೇಕೆಂದೇ. ಬರೆದರೆ ಅದು ಕಾಗದದಲ್ಲಿ ನಿಂತುಬಿಡುತ್ತದೆ, ನಾಳೆ ಯಾರಾದರೂ ಓದಿದರೆ? ನೀನು ಹೀಗೆ ಕೊರಗುತ್ತೀ ಎಂದು ಗೊತ್ತಿದ್ದರೆ ಆಗಲೇ ಹೇಳುತ್ತಿದ್ದೆ. ಕೇಳು.

ಮಾರ್ಚ್ ಕೊನೆಯಲ್ಲಿ ಒಬ್ಬರು ಅಂಗಡಿಗೆ ಬಂದಿದ್ದರು. ಐವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಮೆತ್ತನೆಯ ಮಾತು. ಬಣ್ಣದ ಡಬ್ಬಿಗಳನ್ನು ನೋಡುತ್ತಾ ನೋಡುತ್ತಾ, ‘ನಿಮ್ಮ ತಂಗಿಯವರ ವಿಷಯ ಸ್ವಲ್ಪ ವಿಚಾರಿಸ್ಬೇಕಿತ್ತು’ ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ‘ನಾನು ಎಲ್ಲಿಂದ ಬಂದಿದೀನಿ ಅಂದ್ರೆ’ ಎಂದು ಶುರು ಮಾಡಿದರು. ನಾನೇ ತಡೆದೆ. ‘ಅದೆಲ್ಲ ಆಮೇಲಿರ್ಲಿ, ಮೊದ್ಲು ಟೀ ಕುಡೀರಿ’ ಎಂದೆ. ವಿಚಾರಿಸಲು ಬಂದವರನ್ನು ಯಾರ ಕಡೆಯವರು ಎಂದು ಕೇಳಬಾರದು, ಕಾದು ಕೂತವರ ಹಾಗೆ ಕಾಣುತ್ತದೆ, ಅವರಾಗಿಯೇ ಎರಡನೆಯ ಸಲ ಬಂದಾಗ ಹೇಳುತ್ತಾರೆ ಎಂದು ಅಮ್ಮ ಹೇಳುತ್ತಿರಲಿಲ್ಲವೇ.

‘ಒಬ್ರೇ ಇರೋದಾ?’ ಎಂದರು. ‘ಒಬ್ಳೇ ಇದ್ರೂ ಮನೆ ಕನ್ನಡಿ ಥರ ಇಟ್ಕೊಂಡಿದಾಳೆ’ ಎಂದೆ.

‘ಆರೋಗ್ಯ?’

‘ಕಲ್ಲುಗುಂಡು.’

‘ಭಾರ ಗೀರ ಎತ್ತುತಾರಾ?’

‘ಗ್ಯಾಸ್ ಸಿಲಿಂಡರ್ ಒಬ್ಳೇ ಎತ್ತಿ ಇಡ್ತಾಳೆ.’

‘ಇತ್ತೀಚೆಗೆ ಏನಾದ್ರೂ ಪೆಟ್ಟು ಬಿದ್ದಿತ್ತಾ?’ ಎಂದಾಗ ಸೋದರತ್ತೆಯ ಮುಖ ಕಣ್ಣ ಮುಂದೆ ಬಂತು. ‘ಕಾರು ಸ್ವಲ್ಪ ತಾಗಿತ್ತು, ಅವ್ಳಿಗೆ ಸೊಳ್ಳೆ ಕಚ್ಚಿದ ಹಾಗೆ’ ಎಂದೆ. ನಿನ್ನ ಪತ್ರವನ್ನೂ ತಂದು, ಮಿಕ್ಕಿದ್ದನ್ನು ಮಡಚಿ ಹಿಡಿದು, ‘ನೋವು ಎಂಥದ್ದೂ ಇಲ್ಲ’ ಎಂಬುದೊಂದನ್ನೇ ತೋರಿಸಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಮನುಷ್ಯ, ಹೌದು ಎನ್ನಲಿಲ್ಲ ಇಲ್ಲ ಎನ್ನಲಿಲ್ಲ. ಎಲ್ಲವನ್ನೂ ಬರೆದುಕೊಂಡು ಕೊನೆಗೆ ನನ್ನ ಸಹಿ ಹಾಕಿಸಿಕೊಂಡರು. ಎಂಥ ಶಿಸ್ತಿನ ಮನೆತನ ಇರಬೇಕು. ನಿನ್ನ ಭಾವ, ‘ಹೆಣ್ಣು ಕೇಳೋಕೆ ಬಂದೋರು ಸಹಿ ಯಾಕೆ ಹಾಕಿಸ್ಕೋತಾರೆ, ಇದೇನು ಟೆಂಡರಾ?’ ಎಂದರು. ಅವರಿಗೆ ಎಲ್ಲದರಲ್ಲೂ ಹುಳುಕೇ ಕಾಣುವುದು.

ನಿನ್ನ ನಲವತ್ತೆಂಟು ಏನು ವಯಸ್ಸು. ಜೊತೆಗೆ ಕೂತು ಟೀ ಕುಡಿಯಲು ಒಬ್ಬರು ಇರಲಿ ಎಂದಷ್ಟೇ ನನ್ನ ಆಸೆ. ಗೋಡೆಗೆ ಕೆನೆ ಬಣ್ಣ ಆರಿಸಿದ್ದೇನೆ, ಒಂದು ತೊಟ್ಟು ಕೇಸರಿ ಬೆರೆಸಿ. ಯಾರ ಮುಖಕ್ಕಾದರೂ ಒಪ್ಪುತ್ತದೆ.

ನಿನ್ನ ಅಕ್ಕ


ಜೂನ್ 11

ಅಕ್ಕಾ,

ಪತ್ರ ತಲುಪಿತು. ಇಲ್ಲಿ ಬಿಸಿಲು ಹೆಚ್ಚು. ಲ್ಯಾಬಿನಲ್ಲಿ ಕೆಲಸ ಹೆಚ್ಚು. ಹೊಸದೇನೂ ಇಲ್ಲ.

ತಂಗಿ


ಜೂನ್ 24

ಗುಬ್ಬಿಗೆ,

ಒಂದೂವರೆ ತಿಂಗಳಿಗೆ ನಾಲ್ಕು ಸಾಲು ಬರೆದಿದ್ದೀ. ಕೋಪವೇ? ನಿನ್ನನ್ನು ಕೇಳದೆ ಮಾತಾಡಿದೆ ಎಂದೇ? ಅಥವಾ ನಾಚಿಕೆಯೇ? ನಾಚಿಕೆಯಾದರೆ ಇರಲಿ, ನನಗೆ ಖುಷಿಯೇ.

ಅವರ ಕಡೆಯಿಂದ ಇನ್ನೂ ಸುದ್ದಿ ಇಲ್ಲ. ಕೋಣೆಗೆ ಬಣ್ಣ ಹೊಡೆದು ಮುಗಿಯಿತು, ವಾಸನೆಯೂ ಹೋಯಿತು. ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ಲು’ ಎಂದು ನಿನ್ನ ಭಾವ ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಾರೆ. ಆ ದಿನ ಆಡಿದ ಒಂದೊಂದು ಮಾತನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಸಿಲಿಂಡರಿನ ಮಾತು ಆಡಬಾರದಿತ್ತೇನೋ. ಗಂಡುಬೀರಿ ಎಂದುಕೊಂಡರೋ ಏನೋ.

ನಾನು ಎಲ್ಲಿ ತಪ್ಪಿದೆ, ನೀನೇ ಹೇಳು.

ಅಕ್ಕ


ಜುಲೈ 1

ಅಕ್ಕಾ,

ನಿನ್ನ ಕೊನೆಯ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಆ ದಿನ ಬಂದವರು ಹೆಣ್ಣು ಕೇಳಲು ಬಂದವರಲ್ಲ. ಇನ್ಶೂರೆನ್ಸ್ ಕಂಪನಿಯ ಪರವಾಗಿ ತನಿಖೆಗೆ ಬಂದವರು. ನಾನು ನಿಜಕ್ಕೂ ನೊಂದಿದ್ದೇನೋ, ಹಣಕ್ಕಾಗಿ ನಟಿಸುತ್ತಿದ್ದೇನೋ ಎಂದು ತಿಳಿಯುವುದು ಅವರ ಕೆಲಸ.

ನಿನ್ನ ಮೇ ತಿಂಗಳ ಪತ್ರ ಓದಿದಾಗಲೇ ಅನುಮಾನ ಬಂತು. ಆ ವಾರವೇ ವಕೀಲೆ ಕರೆಸಿ ನಿನ್ನ ಹೇಳಿಕೆಯನ್ನು ಓದಿದಳು. ‘ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಎತ್ತಿ ಇಡುತ್ತಾಳೆ.’ ಕೆಳಗೆ ಬಾಲ ಎಳೆದ ನಿನ್ನ ಸಹಿ. ‘ಇವ್ರು ನಿಮ್ಮ ಅಕ್ಕನಾ, ಕಂಪನಿಯವರ ಅಕ್ಕನಾ?’ ಎಂದಳು. ನಗಲು ಹೋದೆ, ಕತ್ತು ಹಿಡಿಯಿತು. ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಪೆನ್ನು ಹಿಡಿದರೆ ಬೈಗುಳವೇ ಬರುತ್ತಿತ್ತು. ಅದಕ್ಕೇ ಬಿಸಿಲಿನ ಸುದ್ದಿ ಬರೆದೆ.

ಸಿಟ್ಟು ಇಳಿದ ಮೇಲೆ ನನ್ನದೇ ಪತ್ರಗಳು ನೆನಪಾದವು. ನೀನು ಏನೂ ಕಟ್ಟಿ ಹೇಳಲಿಲ್ಲ. ನಾನು ಬರೆದದ್ದನ್ನೇ ನೀನು ಹೇಳಿದೆ, ಸಿಲಿಂಡರೊಂದನ್ನು ಬಿಟ್ಟು.

ಈಗ ಇದ್ದ ಹಾಗೆ ಬರೆಯುತ್ತೇನೆ. ತಲೆಗೆ ನೀರು ಹಾಕಿಕೊಳ್ಳಲು ಆಗುತ್ತಿಲ್ಲ, ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದೇನೆ. ಫೋಟೋದಲ್ಲಿ ಅದನ್ನು ನೀನು ಹೊಸ ಫ್ಯಾಶನ್ ಎಂದುಕೊಂಡಿರಬೇಕು. ರಸ್ತೆ ದಾಟುವಾಗ ಬೀರುವನ್ನು ತಿರುಗಿಸುವ ಹಾಗೆ ಇಡೀ ಮೈ ತಿರುಗಿಸುತ್ತೇನೆ. ಫ್ರಿಜ್ಜಿನ ಮೇಲಿಟ್ಟು ಬರೆಯುವುದು ಗಾಳಿಗಲ್ಲ, ತಲೆ ತಗ್ಗಿಸಿದರೆ ಕಣ್ಣು ಕತ್ತಲೆ ಬರುತ್ತದೆ. ಕವನದ ಪುಸ್ತಕವನ್ನು ಮಲಗಿ ಮುಖದ ಮೇಲೆ ಎತ್ತಿ ಹಿಡಿದು ಓದುತ್ತೇನೆ. ಒಂದು ಪುಟಕ್ಕೆ ತೋಳು ಸೋಲುತ್ತದೆ, ಪದ್ಯ ಅರ್ಧಕ್ಕೇ ನಿಲ್ಲುತ್ತದೆ. ಕೌಂಟರಿನಲ್ಲಿ ಜೊತೆಯವರು ‘ಕೇಸ್ ಮುಗಿಯೋವರೆಗೂ ಪಟ್ಟಿ ಬಿಚ್ಚಲ್ಲ ಬಿಡಿ’ ಎಂದು ತಮಾಷೆ ಮಾಡುತ್ತಾರೆ. ತಮಾಷೆಯೇ ಇರಬೇಕು. ನೋವಿಗಿಂತ ಅದನ್ನು ಯಾರಿಗೂ ತೋರಿಸಲಾಗದ್ದು ಹೆಚ್ಚು. ಇಪ್ಪತ್ತು ವರ್ಷ ನಾನು ಕಂಡದ್ದನ್ನು ಮಾತ್ರ ನಂಬಿದವಳು. ಸ್ಲೈಡಿನಲ್ಲಿ ಇಲ್ಲದ್ದು ಇಲ್ಲ ಎಂದು ಸಹಿ ಹಾಕಿದವಳು.

ವಕೀಲೆ ಹೇಳುತ್ತಾಳೆ, ನೀನು ಇನ್ನೊಂದು ಹೇಳಿಕೆ ಬರೆದು ಕಳಿಸಬಹುದು. ಆ ದಿನ ಯಾಕೆ ಹಾಗೆ ಹೇಳಿದೆ, ಈಗ ಏನು ಗೊತ್ತಾಗಿದೆ ಎಂದು. ಬೇಡವೆನಿಸಿದರೆ ಬರೆಯಬೇಡ. ಅದನ್ನು ಎಲ್ಲರ ಮುಂದೆ ಓದುತ್ತಾರೆ.

ನಿನ್ನ ತಂಗಿ


ಜುಲೈ 13

ಗುಬ್ಬೀ,

ಹೇಳಿಕೆ ಇದರ ಜೊತೆಗಿದೆ. ಭಾವನ ಕೈಯಲ್ಲಿ ಬರೆಸಲಿಲ್ಲ, ನಾನೇ ಬರೆದೆ. ‘ಹೆಣ್ಣು ಕೇಳಲು ಬಂದವರೆಂದು ತಿಳಿದು ತಂಗಿಯ ನೋವನ್ನು ಮುಚ್ಚಿಟ್ಟೆ’ ಎಂದು ಬರೆಯುವುದಕ್ಕೆ ಮೂರು ಹಾಳೆ ಹಾಳಾಯಿತು. ಓದುವವರು ಓದಲಿ, ನಗುವವರು ನಗಲಿ.

ನಿನ್ನ ಭಾವನಿಗೆ ಹೇಳಿದೆ. ಕೆಟ್ಟದಾಗಿ ಏನೋ ಅಂದುಬಿಡುತ್ತಾರೆ ಎಂದು ಕಾದೆ. ಒಂದು ಲೋಟ ಟೀ ತಂದು ನನ್ನ ಮುಂದಿಟ್ಟರು, ಅದೇ ಹೆಚ್ಚು ಚುಚ್ಚಿತು.

ಕೋಣೆಗೆ ಬಣ್ಣ ಹೊಡೆಸಿದ್ದು ಒಳ್ಳೆಯದೇ ಆಯಿತು. ಗೋಡೆ ಹೇಗೂ ಹಳೆಯದಾಗಿತ್ತು.

ನಾನು ಬರಲೇ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಬೇಡ ಎನ್ನುತ್ತೀ.

ನಿನ್ನ ಅಕ್ಕ


ಆಗಸ್ಟ್ 29

ಅಕ್ಕಾ,

ಇವತ್ತು ವಿಚಾರಣೆ ಮುಗಿಯಿತು.

ಸಣ್ಣ ಕೋಣೆ, ಸದ್ದು ಮಾಡುವ ಫ್ಯಾನು, ಗೋಡೆಗೆ ಒರಗಿಸಿದ ಕುರ್ಚಿಗಳು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಬಾಗಿಲು ನನ್ನ ಬೆನ್ನ ಹಿಂದೆ. ಅದು ಕಿರುಗುಟ್ಟಿದಾಗೆಲ್ಲ ನೀನು ಬಂದೆ ಎಂದುಕೊಂಡೆ. ‘ಕೇಳುವುದಿಲ್ಲ’ ಎಂದು ಬರೆದವಳು ಹೇಳದೆ ಬಂದುಬಿಡುವವಳು ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ. ಕೊನೆಗೆ ಎದ್ದು ಮೈ ತಿರುಗಿಸಿ ನೋಡಿದೆ. ಫೈಲು ಹೊತ್ತ ಗುಮಾಸ್ತ ನಿಂತಿದ್ದ.

ನಿನ್ನ ಎರಡೂ ಹೇಳಿಕೆಗಳನ್ನು ಓದಿದರು. ‘ಹೆಣ್ಣು ಕೇಳಲು ಬಂದವರೆಂದು ತಿಳಿದು’ ಎಂಬಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಇಬ್ಬರು ನಕ್ಕರು. ಯಾರೆಂದು ನೋಡಲು ನನ್ನಿಂದಾಗಲಿಲ್ಲ. ಕಂಪನಿಯ ವಕೀಲರು ಎದ್ದು, ‘ಒಂದು ಹೇಳಿಕೆ ಮದುವೆಗೆ, ಒಂದು ಪರಿಹಾರಕ್ಕೆ. ಮೂರನೇದು ಯಾವ್ದಕ್ಕೆ ಬರುತ್ತೋ ನೋಡ್ಬೇಕು ಸ್ವಾಮಿ’ ಎಂದರು. ಆಗ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯೂ ನಕ್ಕರು.

ಒಂದೇ ಬಾಯಿಯಿಂದ ಎರಡು ಮಾತು ಬಂದಿರುವುದರಿಂದ ಎರಡನ್ನೂ ಬದಿಗಿಡುತ್ತೇನೆ ಎಂದು ಅಧಿಕಾರಿ ಹೇಳಿದರು. ಔಷಧಿಯ ಖರ್ಚು ಬರುತ್ತದೆ. ಕೆಲಸದ ನಷ್ಟಕ್ಕೆ ಏನೂ ಇಲ್ಲ. ‘ಇವರ ಕೆಲಸ ಹೋಗಿಲ್ಲ, ಬದಲಾಗಿದೆ ಅಷ್ಟೇ’ ಎಂದರು. ಹಾಗಾಗಿ ಯಂತ್ರ ಇಲ್ಲ, ಕುರ್ಚಿ ಇಲ್ಲ. ಹೊರಗೆ ಬಂದ ಮೇಲೆ ವಕೀಲೆ, ‘ಅಕ್ಕಪಕ್ಕದವರು ಒಬ್ರು ಬಂದು ಒಂದು ಮಾತು ಹೇಳಿದ್ರೂ ಸಾಕಿತ್ತು ಮೇಡಂ’ ಎಂದು ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು.

ನಿನ್ನ ತಪ್ಪಿಲ್ಲ. ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ, ಸಮಾಧಾನದ ಮಾತು ಬರೆದದ್ದು ಸಾಕಾಗಿದೆ. ನಾನು ಚೆನ್ನಾಗಿಲ್ಲ ಅಕ್ಕಾ. ಸೋಮವಾರ ಮತ್ತೆ ಸೀಸೆಗಳಿಗೆ ಚೀಟಿ ಅಂಟಿಸಬೇಕು, ಗಾಜಿನಾಚೆ ಆ ಹುಡುಗಿ ನನ್ನ ಕುರ್ಚಿಯಲ್ಲಿ ಕೂತಿರುವುದು ಇಡೀ ದಿನ ನೇರ ಕಣ್ಣಿಗೇ ಬೀಳುತ್ತದೆ. ಕತ್ತು ತಿರುಗಿಸಿಕೊಳ್ಳುವ ಉಪಾಯವೂ ಇಲ್ಲ.

ಇಷ್ಟು ಬರೆಯುವಾಗ ಬಾಗಿಲು ಬಡಿದರು. ಎದುರು ಮನೆಯಾಕೆ. ಆರು ವರ್ಷದಿಂದ ಮೆಟ್ಟಿಲಲ್ಲಿ ಸಿಕ್ಕರೆ ತಲೆ ಆಡಿಸುತ್ತೇವೆ, ಅಷ್ಟೇ. ಈಗ ತಲೆ ಆಡಿಸುವುದೂ ನನ್ನಿಂದ ಆಗುವುದಿಲ್ಲವಲ್ಲ, ಅದನ್ನೂ ಬಿಟ್ಟು ಅವರು ನನ್ನ ಕಡೆ ನೋಡದೆಯೇ ಹೋಗುತ್ತಿದ್ದರು. ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ಕೇಳಲು ಬಂದವರು ನನ್ನ ಪಟ್ಟಿಯನ್ನೇ ನೋಡಿದರು. ‘ಕತ್ತಿಗೇನಾಯ್ತು?’ ಎಂದರು. ಕಾರು, ವ್ಯಾನು, ಇವತ್ತಿನ ತೀರ್ಪು ಎಲ್ಲವನ್ನೂ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಕೇಳುತ್ತಾ ಕೇಳುತ್ತಾ ಅವರ ಮುಖ ಇಳಿಯಿತು.

‘ಅಯ್ಯೋ, ಬೇಸಿಗೇಲಿ ಒಬ್ರು ಬಂದು ನಿಮ್ಮ ವಿಷಯ ಕೇಳಿದ್ರು’ ಎಂದರು. ‘ಹೇಗಿರ್ತಾರೆ, ಓಡಾಡೋಕೆ ಕಷ್ಟ ಪಡ್ತಾರಾ ಅಂತೆಲ್ಲ. ಆ ಮನೇಲಿ ಯಾರಾದ್ರೂ ಇದಾರೆ ಅಂತಾನೇ ಗೊತ್ತಾಗಲ್ಲ, ಒಂದು ಸದ್ದೂ ಬರಲ್ಲ ಅಂದೆ. ಒಳ್ಳೇದಾಗ್ಲಿ ಅಂತಾನೇ ಹೇಳ್ದೆ ಕಣ್ರೀ.’